ಊರು ನಿಲ್ಲಿಸಿದ ಕಲ್ಲು

ಇಂಗ್ಲೆಂಡಿನ ಎಷ್ಟೋ ಹಳ್ಳಿಗಳ ಚರ್ಚಿನ ಅಂಗಳದಲ್ಲಿ ಒಂದು ಕಲ್ಲಿನ ಶಿಲುಬೆ ಇರುತ್ತದೆ. ಬುಡದಲ್ಲಿ 1914-18ರ ಮಹಾಯುದ್ಧದಲ್ಲಿ ಮಡಿದ ಊರಿನ ಹುಡುಗರ ಹೆಸರುಗಳು. ಸತ್ತವರ ದೇಹವನ್ನು ಸ್ವದೇಶಕ್ಕೆ ತರುವಂತಿಲ್ಲ ಎಂದು ಅಲ್ಲಿನ ಸರ್ಕಾರ ತೀರ್ಮಾನಿಸಿತ್ತು. ಎಷ್ಟೋ ಜನರ ದೇಹ ಸಿಗಲೇ ಇಲ್ಲ. ಹೆತ್ತ ತಾಯಿ ಹೂವಿಡೋಣ ಅಂದರೆ ಊರಲ್ಲಿ ಗೋರಿಯೇ ಇಲ್ಲ. ಹಾಗಾಗಿ ಊರವರೇ ಸಮಿತಿ ಮಾಡಿ, ವಂತಿಗೆ ಎತ್ತಿ ಕಲ್ಲು ನಿಲ್ಲಿಸಿದರು. ಬಹಳ ಕಡೆ ಸಾಹುಕಾರ, ಕೂಲಿಯವ ಅಂತ ನೋಡದೆ ಅಕ್ಷರಕ್ರಮದಲ್ಲೇ ಹೆಸರು ಕೊರೆಸಿದರು. 1939-45ರ ಯುದ್ಧದ ನಂತರ ಅದೇ ಕಲ್ಲಿಗೆ ಇನ್ನಷ್ಟು ಹೆಸರು ಸೇರಿದವು. ಗ್ಲಾಸ್ಟರ್‌ಶೈರಿನ ಅಪ್ಪರ್ ಸ್ಲಾಟರ್ ಹಳ್ಳಿಯಿಂದ ಎರಡೂ ಯುದ್ಧಗಳಿಗೆ ಹೋದವರೆಲ್ಲ ಜೀವಂತ ಮರಳಿದರು. ಅಂಥ ಪುಣ್ಯದ ಊರುಗಳು ಬಹಳ ಕಡಿಮೆ. ಉಳಿದ ಊರುಗಳಲ್ಲಿ ಪ್ರತಿ ನವೆಂಬರಿನಲ್ಲಿ ಜನ ಸೇರಿ, ಎರಡು ನಿಮಿಷ ಮೌನವಾಗಿ ನಿಂತು ಮಡಿದವರನ್ನು ನೆನೆಯುತ್ತಾರೆ.