ಕಾವೇರಿಯ ಮಹಶೀರ್ ಗಾಳಬೇಟೆ

ಕೊಳ್ಳೇಗಾಲ, ಹನೂರು, ಮಳವಳ್ಳಿ ಮತ್ತು ಕನಕಪುರ ತಾಲ್ಲೂಕುಗಳ ಅಂಚಿನಲ್ಲಿ, ಶಿವನಸಮುದ್ರದ ಜಲಪಾತಗಳ ಕೆಳಗೆ ಹರಿಯುವ ಕಾವೇರಿಯಲ್ಲಿ ಮಹಶೀರ್ ಮೀನನ್ನು ಕೋಲು, ಗಾಳಗಳಿಂದ ಹಿಡಿಯುತ್ತಿದ್ದ ಕ್ರೀಡೆ. ಇಲ್ಲಿನ ಮುಖ್ಯ ಗುರಿಯಾಗಿದ್ದುದು ಬೆನ್ನಿನಲ್ಲಿ ಡುಬ್ಬವಿರುವ ಮಹಶೀರ್, 50 ಕಿ.ಗ್ರಾಂ. ಮೀರಿ ಬೆಳೆಯಬಲ್ಲ ಕಾವೇರಿ ಕೊಳ್ಳದ ಮೀನು.

ಈ ಕ್ರೀಡೆ ಬ್ರಿಟಿಷರ ಕಾಲದಲ್ಲಿ ಪ್ರಸಿದ್ಧಿಗೆ ಬಂತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ದಾಖಲೆಯೆನಿಸಿದೆ. ಟ್ರೌಟ್ ಬೇಟೆಯ ಹಗುರ ಕೃತಕ ನೊಣಕ್ಕಿಂತ ಇಲ್ಲಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆಯೇ ಹೆಸರಾದ ಎರೆಯಾಗಿತ್ತು. ಬಂಡೆಗಳ ನಡುವಿನ ರಭಸದ ನೀರು, ಆಳದ ಮಡುಗಳು ಬೇಟೆಯ ತಾಣಗಳಾಗಿದ್ದವು. ಹರಿಗೋಲಿನಿಂದಲೂ ಗಾಳ ಹಾಕುತ್ತಿದ್ದರು. 1931ರಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರ ಮೇಲ್ಭಾಗದಲ್ಲಿರುವುದರಿಂದ ನೀರಿನ ಮಟ್ಟ ಮಳೆಯ ಜೊತೆಗೆ ಅಣೆಕಟ್ಟಿನ ಬಿಡುಗಡೆಯನ್ನೂ ಅವಲಂಬಿಸಿದೆ.

ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಭಾಗವನ್ನು ಗುತ್ತಿಗೆ ಪಡೆದು, ಹಿಡಿದ ಮೀನನ್ನು ತೂಗಿ ಜೀವಂತ ಬಿಡುವ ಪದ್ಧತಿಯನ್ನು ಜಾರಿಗೆ ತಂದಿತು. ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಿಗೆ ವಿದೇಶೀಯರೂ ಬರುತ್ತಿದ್ದರು. ಡೈನಮೈಟ್ ಸಿಡಿಸಿ ಮೀನು ಹಿಡಿಯುತ್ತಿದ್ದ ಕೆಲವು ಸ್ಥಳೀಯರು ಕಾವಲುಗಾರರೂ ಮಾರ್ಗದರ್ಶಿಗಳೂ ಆದದ್ದು ಈ ಕ್ರೀಡೆಯ ಗಮನಾರ್ಹ ಫಲ. ಈ ಹರಿವು ಕಾವೇರಿ ವನ್ಯಜೀವಿಧಾಮಕ್ಕೆ (1987) ಸೇರಿದ್ದು, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನ್ವಯ ಸುಮಾರು 2010ರ ನಂತರ ಗಾಳಬೇಟೆ ನಿಂತಿತು.

ಗಾಳಗಾರರ ಹಳೆಯ ತೂಕದ ಲೆಕ್ಕಪತ್ರಗಳೇ ಡುಬ್ಬದ ಮಹಶೀರಿನ ಕುಸಿತವನ್ನೂ ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರಿನ ಏರಿಕೆಯನ್ನೂ ತೋರಿಸಿಕೊಟ್ಟವು. 2018ರಲ್ಲಿ ಡುಬ್ಬದ ಮೀನನ್ನು ಟಾರ್ ರೆಮಾದೇವಿ ಎಂದು ಗುರುತಿಸಲಾಯಿತು. ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದ.