ತವಂದಿ ಘಾಟಿನ ಇಳಿಜಾರು: ನಿಪ್ಪಾಣಿಯ ಹೆದ್ದಾರಿಯಲ್ಲಿ ಚಾಲನೆಯ ಶಿಸ್ತು

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪುಣೆ, ಮೀರಜ ಮತ್ತು ಬೆಳಗಾವಿಗಳನ್ನು ಜೋಡಿಸಿದ ರೈಲು ಮಾರ್ಗವು ಕುಡಚಿ, ರಾಯಬಾಗ, ಘಟಪ್ರಭಾಗಳ ಕಡೆಯಿಂದ ಸಾಗಿದ್ದರಿಂದ, ಅದರ ಪಶ್ಚಿಮಕ್ಕೆ ಉಳಿದ ನಿಪ್ಪಾಣಿಯು ರೈಲಿಲ್ಲದ ದೊಡ್ಡ ಪೇಟೆಯಾಗಿ ಬೆಳೆಯಬೇಕಾಯಿತು. ಸುತ್ತಲಿನ ಕಪ್ಪು ನೆಲದಲ್ಲಿ ಬೆಳೆದ ಬೀಡಿ ತಂಬಾಕು ಪೇಟೆಗೆ ಬರುವುದಕ್ಕೂ ಅಲ್ಲಿಂದ ಹೊರಗೆ ಹೋಗುವುದಕ್ಕೂ ಇದ್ದ ಮುಖ್ಯ ದಾರಿ ಪುಣೆ–ಬೆಂಗಳೂರು ರಸ್ತೆ. ಹೀಗಾಗಿ ಚಕ್ಕಡಿಯಿಂದ ಲಾರಿಗೆ, ಲಾರಿಯಿಂದ ಇಂದಿನ ಬಹುಚಕ್ರದ ಟ್ರಕ್ಕಿಗೆ ಆದ ಬದಲಾವಣೆಯ ಭಾರವನ್ನೆಲ್ಲ ಈ ಭಾಗದಲ್ಲಿ ಆ ರಸ್ತೆಯೇ ಹೊತ್ತಿತು. ಇಲ್ಲಿನ ಅಪಘಾತಗಳ ಸ್ವರೂಪವನ್ನು ಅರಿಯಬೇಕಾದರೆ ಒಂದು ಸಂಗತಿಯನ್ನು ಮೊದಲೇ ಗಮನಿಸಬೇಕು: ಸುರಕ್ಷಿತ ಚಾಲನೆಯ ನಿಯಮಗಳು ಬಹುಮಟ್ಟಿಗೆ ರಸ್ತೆಯ ಉದ್ದಕ್ಕೂ ಓಡುವ ವಾಹನವನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡವು, ಅದನ್ನು ಅಡ್ಡ ದಾಟುವ, ಅದರ ಮೇಲೆ ನಿಧಾನವಾಗಿ ಸಾಗುವ ಊರಿನ ಸಂಚಾರವು ಬಹಳ ಕಾಲ ರೂಢಿಗೇ ಬಿಟ್ಟುಹೋಯಿತು.

ಆ ರೂಢಿಯ ಮೂಲ ಚಕ್ಕಡಿಯಲ್ಲಿದೆ. ಎತ್ತುಗಳಿಗೆ ದಾರಿ ಗೊತ್ತಿರುತ್ತಿದ್ದುದರಿಂದ ರಾತ್ರಿ ಪ್ರಯಾಣದಲ್ಲಿ ಹೊಡೆಯುವವನು ನಿದ್ದೆ ಹೋದರೂ ಗಾಡಿ ಸಾಗುತ್ತಿತ್ತು, ಅಚ್ಚಿನ ಕೆಳಗೆ ತೂಗುವ ಕಂದೀಲು ಹಿಂದಿನಿಂದ ಬರುವವರಿಗೆ ಸಾಕಷ್ಟು ಸೂಚನೆಯಾಗುತ್ತಿತ್ತು. ಎಲ್ಲ ಗಾಡಿಗಳೂ ಒಂದೇ ವೇಗದವಾದ್ದರಿಂದ ಹಿಂದಿನವನು ಮುಂದಿನವನಿಗೆ ಡಿಕ್ಕಿ ಹೊಡೆಯುವ ಪ್ರಸಂಗವೇ ಅಪರೂಪವಾಗಿತ್ತು. ಮೋಟಾರು ಬಂದಾಗ ಮುರಿದದ್ದು ಈ ಸಮವೇಗ.

ಮೋಟಾರು ಓಡಿಸುವವನಿಗೆ ಲೈಸೆನ್ಸು ಬೇಕೆಂದೂ 18 ವರ್ಷ ತುಂಬಿರಬೇಕೆಂದೂ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವಂತೆ ವಿಧಿಸಿದ್ದು 1914ರ ಮೋಟಾರು ವಾಹನ ಕಾಯ್ದೆ. ನಿಪ್ಪಾಣಿ ಮುಂಬೈ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದರಿಂದ ಈ ಕಾಯ್ದೆ ಅಲ್ಲಿ ನಡೆಯುತ್ತಿತ್ತು. ಆದರೆ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಕೊಲ್ಹಾಪುರ ಸಂಸ್ಥಾನದ ನೆಲ, ಬ್ರಿಟಿಷ್ ಇಂಡಿಯಾದ ಶಾಸನ ಸಂಸ್ಥಾನಗಳಿಗೆ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. 1914ರ ಕಾಯ್ದೆಯ ಸ್ಥಾನದಲ್ಲಿ ಬಂದ 1939ರ ಕಾಯ್ದೆ ಹೆಚ್ಚು ವಿಸ್ತಾರವಾದದ್ದು: ಎಡಗಡೆಯೇ ಸಾಗಬೇಕು, ಹಿಂದಿಕ್ಕುವಾಗ ಬಲದಿಂದ ಹಾಯಬೇಕು ಎಂಬಂತಹ, ಇಂದು ಸಹಜವೆನಿಸುವ ನಡವಳಿಕೆಗಳನ್ನು ಅದು ಹತ್ತನೆಯ ಅನುಸೂಚಿಯಲ್ಲಿ ‘ಚಾಲನಾ ನಿಯಮಗಳು’ ಎಂದು ಬರೆದಿಟ್ಟಿತು. ಅಪಘಾತದಲ್ಲಿ ಪೆಟ್ಟು ತಿಂದ ಹೊರಗಿನವರಿಗೆ ಪರಿಹಾರ ದೊರಕಿಸುವ ಕಡ್ಡಾಯ ವಿಮೆ, ಅಂದರೆ ಮೂರನೆಯ ವ್ಯಕ್ತಿಯ ವಿಮೆ, ಜಾರಿಗೆ ಬರಲು 1946ರವರೆಗೆ ಕಾಯಬೇಕಾಯಿತು. 1949ರಲ್ಲಿ ಕೊಲ್ಹಾಪುರ ಮುಂಬೈ ರಾಜ್ಯದಲ್ಲಿ ವಿಲೀನವಾದಾಗ ಮರೆಯಾದ ಗಡಿಯು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮತ್ತೆ ಎದ್ದಿತು, ಈ ಸಲ ಮೈಸೂರು ಮತ್ತು ಮುಂಬೈ ರಾಜ್ಯಗಳ ನಡುವೆ. ಇಂದು ಚಿಕ್ಕೋಡಿಯಲ್ಲಿ ನೋಂದಣಿಯಾದ ಕೆಎ 23 ಸಂಖ್ಯೆಯ ವಾಹನವೂ ಕೊಲ್ಹಾಪುರದ ಎಂಎಚ್ 09 ವಾಹನವೂ ಒಂದೇ ಸಂತೆಗೆ ಬಂದು ನಿಲ್ಲುತ್ತವೆ.

ಚಾಲಕರ ವೃತ್ತಿಜ್ಞಾನವನ್ನು ನಿಜವಾಗಿ ಪರೀಕ್ಷಿಸಿದ್ದು ಕಾಯ್ದೆಗಿಂತ ಹೆಚ್ಚಾಗಿ ತವಂದಿ ಘಾಟು. ನಿಪ್ಪಾಣಿಯ ದಕ್ಷಿಣಕ್ಕೆ, ಪಾರ್ಶ್ವನಾಥ ಬಸದಿಗೆ ಹೆಸರಾದ ಜೈನ ಕ್ಷೇತ್ರ ಸ್ತವನಿಧಿಯ ಬಳಿ, ರಸ್ತೆಯು ಗುಡ್ಡವನ್ನು ಹತ್ತಿಳಿಯುತ್ತದೆ. ಸಹ್ಯಾದ್ರಿಯ ದೊಡ್ಡ ಘಟ್ಟಗಳಿಗೆ ಹೋಲಿಸಿದರೆ ಇದು ಗಿಡ್ಡ, ಆದರೆ ಸಮತಲದಲ್ಲಿ ಬಹುದೂರ ವೇಗವಾಗಿ ಬಂದ ಚಾಲಕನಿಗೆ ಇಳಿಜಾರು ತಟ್ಟನೆ ಎದುರಾಗುವುದೇ ಇದರ ಅಪಾಯ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಇರಬೇಕೆಂಬ ಲಾರಿ ಚಾಲಕರ ಹಳೆಯ ಪಾಠಕ್ಕೆ ಗಟ್ಟಿಯಾದ ಯಾಂತ್ರಿಕ ಕಾರಣವಿದೆ. ಕೆಳ ಗೇರಿನಲ್ಲಿ ಎಂಜಿನ್ನೇ ಚಕ್ರವನ್ನು ಹಿಡಿದು ತಡೆಯುತ್ತದೆ. ಗೇರು ಬಿಡಿಸಿ, ಅಂದರೆ ನ್ಯೂಟ್ರಲ್ಲಿನಲ್ಲಿ, ಇಳಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಸತತವಾಗಿ ಒತ್ತಿದ ಲೈನಿಂಗು ಕಾದು ಘರ್ಷಣೆ ಕಳೆದುಕೊಳ್ಳುತ್ತದೆ. ಡೀಸೆಲ್ ಉಳಿಸಲೆಂದು ಎಂಜಿನ್ನನ್ನೇ ಆರಿಸಿದರಂತೂ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಉಳಿದ ಡೀಸೆಲ್ಲಿನ ಬೆಲೆಯನ್ನು ಲೆಕ್ಕ ಹಾಕಿದವರು ಈ ಇನ್ನೊಂದು ಬೆಲೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದೇ ಹೇಳಬೇಕು. ಕಿರಿದಾದ ಏರಿನಲ್ಲಿ ಇಳಿಯುವ ವಾಹನವು ಬದಿಗೆ ನಿಂತು ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬ ಘಟ್ಟದ ಮರ್ಯಾದೆಗೆ 1989ರ ರಸ್ತೆ ನಿಯಮಾವಳಿಯಲ್ಲಿ ಶಾಸನದ ರೂಪವೂ ಇತ್ತು. ದಣಿವಿನ ವಿಷಯದಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆಯ ಮಿತಿಯನ್ನೂ, 5 ಗಂಟೆ ಮೀರದಂತೆ ಕೆಲಸ ಮಾಡಿದ ಮೇಲೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತು. ಮುಂಬೈಗೆ ಬಾಡಿಗೆ ಹೊಡೆಯುವ ಲಾರಿಗಳಲ್ಲಿ ಇದನ್ನು ಪಾಲಿಸುವುದು ಸುಲಭವಾಗಿರಲಿಲ್ಲ.

ಹೆದ್ದಾರಿ ತಮ್ಮದೂ ಹೌದೆಂದು ಸುತ್ತಲಿನ ರೈತರು ತೋರಿಸಿಕೊಟ್ಟದ್ದು 1981ರಲ್ಲಿ, ರೈತ ಮುಖಂಡ ಶರದ ಜೋಶಿಯವರ ಮುಂದಾಳುತನದಲ್ಲಿ ತಂಬಾಕಿನ ಬೆಲೆಗಾಗಿ ಈ ರಸ್ತೆಯ ಮೇಲೆಯೇ ಕುಳಿತಾಗ. ಹೋರಾಟದ ಕತೆ ಬೇರೆಯದು. ಊರು ಮತ್ತು ಹೆದ್ದಾರಿಯ ಸಂಬಂಧ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಮಾತ್ರ ಅದು ಇಲ್ಲಿ ಸಾಕ್ಷಿ.

1999ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಶಂಕುಸ್ಥಾಪನೆಯಾದ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅಂದಿನ ರಾಷ್ಟ್ರೀಯ ಹೆದ್ದಾರಿ 4, ಅಂದರೆ ಇಂದಿನ 48, ನಾಲ್ಕು ಪಥದ್ದಾಯಿತು. ನಡುವೆ ವಿಭಜಕ ಬಂದುದರಿಂದ ಎದುರುಬದುರು ಡಿಕ್ಕಿಯ ಭಯ ತಗ್ಗಿತು, ಅದರ ಜೊತೆಗೇ ಎರಡು ಹೊಸ ಅಪಾಯಗಳೂ ಹುಟ್ಟಿದವು. ಮೊದಲನೆಯದು, ತಿರುಗುವ ಜಾಗ ದೂರವಾದ್ದರಿಂದ ಬೈಕು ಮತ್ತು ಟ್ರ್ಯಾಕ್ಟರುಗಳು ಅದೇ ಪಥದಲ್ಲಿ ವಿರುದ್ಧ ದಿಕ್ಕಿಗೆ ಸಾಗುವುದು. ಎರಡನೆಯದು ವೇಗದ ಅಂತರ. 2018ರ ಅಧಿಸೂಚನೆಯಂತೆ ಇಂತಹ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರಿನ, ಸರಕು ವಾಹನಕ್ಕೆ 80ರ ಗರಿಷ್ಠ ಮಿತಿಯಿದೆ; ತುಂಬಿದ ಕಬ್ಬಿನ ಟ್ರ್ಯಾಕ್ಟರು 20ರ ಆಸುಪಾಸಿನಲ್ಲಿ ಹೋಗುತ್ತದೆ. ಕಾರಿಗೂ ಟ್ರ್ಯಾಕ್ಟರಿಗೂ ನಡುವಿನ 80 ಕಿಲೋಮೀಟರಿನ ಅಂತರವೆಂದರೆ ಸೆಕೆಂಡಿಗೆ 22 ಮೀಟರು: ಡಿಮ್ ಮಾಡಿದ ದೀಪದಲ್ಲಿ 60 ಮೀಟರಿನಾಚೆ ಕಂಡ ದೀಪವಿಲ್ಲದ ಟ್ರೇಲರು, ಕಾರಿನವನು ಬ್ರೇಕಿನ ಮೇಲೆ ಕಾಲಿಡದಿದ್ದರೆ, ಮೂರು ಸೆಕೆಂಡು ತುಂಬುವ ಮೊದಲೇ ಕಾರಿನ ಎದುರಿಗಿರುತ್ತದೆ.

ಈ ಟ್ರೇಲರುಗಳೇ ಅಥಣಿ, ಕಾಗವಾಡ, ರಾಯಬಾಗ ಮತ್ತು ಚಿಕ್ಕೋಡಿಗಳ ಚಳಿಗಾಲದ ಸಂಚಾರ. ಉಗಾರದ ಸಕ್ಕರೆ ಕಾರ್ಖಾನೆಯಿಂದ ಆರಂಭವಾಗಿ ಕೃಷ್ಣಾ ಮತ್ತು ಉಪನದಿಗಳ ದಂಡೆಯಲ್ಲಿ ಒಂದಾದ ಮೇಲೊಂದು ಕಾರ್ಖಾನೆ ಎದ್ದಂತೆ, ಅಕ್ಟೋಬರಿನಿಂದ ಮಾರ್ಚಿನವರೆಗಿನ ನುರಿಸುವ ಹಂಗಾಮಿನಲ್ಲಿ ಚಕ್ಕಡಿಯ ಜಾಗವನ್ನು ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರು ಹಿಡಿಯಿತು. ಆದರೆ ಕಂದೀಲಿನ ಜಾಗ ಎಷ್ಟೋ ಕಡೆ ಖಾಲಿಯೇ ಉಳಿಯಿತು. ಬದಿಗೆ ಹೊರಚಾಚಿದ ಕಬ್ಬಿನ ಗಳಗಳು ಹಿಂದಿನ ದೀಪವಿದ್ದರೂ ಅದನ್ನು ಮುಚ್ಚುತ್ತವೆ, ಜೋರಾಗಿ ಹಚ್ಚಿದ ಹಾಡಿನ ಪೆಟ್ಟಿಗೆಯಿಂದಾಗಿ ಹಿಂದಿನವರ ಹಾರ್ನು ಚಾಲಕನಿಗೆ ಕೇಳುವುದಿಲ್ಲ. ಮಾಘದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಕಡೆಯಿಂದ ಬರುವ ಎತ್ತಿನ ಗಾಡಿಗಳೂ ಇದೇ ಹಂಗಾಮಿನಲ್ಲಿ ರಸ್ತೆಗೆ ಸೇರುತ್ತವೆ.

ಹಂಗಾಮಿನ ಆರಂಭದಲ್ಲಿ ಪೊಲೀಸರೂ ಸಾರಿಗೆ ಇಲಾಖೆಯವರೂ ಕಾರ್ಖಾನೆಯ ಅಂಗಳಕ್ಕೆ ಬಂದು ಟ್ರೇಲರಿನ ಹಿಂದೆ ಅಂಟಿಸುವ, ಜನ ‘ರೇಡಿಯಂ’ ಎಂದು ಕರೆಯುವ ಪ್ರತಿಫಲಕ ಪಟ್ಟಿ ಈಗ ಕಂದೀಲಿನ ಕೆಲಸ ಮಾಡಬೇಕಾಗಿದೆ. ಇದು ಸ್ವಂತ ಬೆಳಕಿನದಲ್ಲ, ಹಿಂದಿನವನ ದೀಪ ತನ್ನ ಮೇಲೆ ಬಿದ್ದಾಗ ಮಾತ್ರ ಹೊಳೆಯುತ್ತದೆ. ಆದ್ದರಿಂದ ಮಣ್ಣು ಮೆತ್ತಿದ ಪಟ್ಟಿಯನ್ನು ಒರೆಸುವುದೂ ಗಳಗಳು ಅದರ ಮೇಲೆ ಇಳಿಬೀಳದಂತೆ ಕಬ್ಬನ್ನು ಬಿಗಿಯಾಗಿ ಕಟ್ಟುವುದೂ, ಯಾವ ಅನುಸೂಚಿಯಲ್ಲಿ ಬರೆದಿರಲಿ ಬಿಡಲಿ, ಪ್ರತಿ ಖೇಪಿಗೂ ಟ್ರ್ಯಾಕ್ಟರಿನವನೇ ಮಾಡಬೇಕಾದ ಕೆಲಸವಾಗಿದೆ.