ಫಾರ್ಟಿ ಲಿಕ್ಸ್

ಬ್ರಿಟನ್ನಿನ ರೋಲಿಂಗ್ ಸ್ಟೋನ್ಸ್ ತಂಡದ ಆಯ್ದ ಹಾಡುಗಳ ಎರಡು ಸಿ.ಡಿ.ಗಳ ಸಂಕಲನ, 2002ರ ಬಿಡುಗಡೆ. ಲಂಡನ್ನಿನಲ್ಲಿ 1962ರಲ್ಲಿ ಹುಟ್ಟಿದ ತಂಡಕ್ಕೆ ನಲವತ್ತು ತುಂಬಿದ ನೆಪ, ಹಾಡುಗಳೂ ನಲವತ್ತು. ಅವುಗಳಲ್ಲಿ ನಾಲ್ಕು ಹೊಸವು. ಹಳೆಯ ಮತ್ತು ನಂತರದ ಧ್ವನಿಮುದ್ರಣಗಳ ಹಕ್ಕು ಬೇರೆಬೇರೆ ಕಂಪನಿಗಳ ಕೈಯಲ್ಲಿದ್ದುದರಿಂದ, ಎರಡೂ ಕಾಲದ ಹಾಡುಗಳು ಒಂದೆಡೆ ಸೇರಿದ್ದು ಇದೇ ಮೊದಲು.

ಈ ಸಂಕಲನದ ಬೆನ್ನಿಗೆ ಹೊರಟ ‘ಲಿಕ್ಸ್’ ಪ್ರವಾಸವೇ ತಂಡವನ್ನು ಕರ್ನಾಟಕಕ್ಕೆ ತಂದಿತು. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದದ್ದು ಭಾರತದಲ್ಲಿ ಅವರ ಮೊದಲ ಕಛೇರಿ. ಮಿಕ್ ಜಾಗರ್, ಕೀತ್ ರಿಚರ್ಡ್ಸ್, ರಾನಿ ವುಡ್, ಡ್ರಮ್ಸ್‌ಗೆ ಚಾರ್ಲಿ ವಾಟ್ಸ್. ಮುಂಬಯಿಯ ಸರದಿ ಆಮೇಲೆ.

ಅಥಣಿ, ಕಾಗವಾಡ, ಕೊಕಟನೂರ ಕಡೆಯ ಕೇಳುಗರು ‘ಪೇಂಟ್ ಇಟ್ ಬ್ಲ್ಯಾಕ್’ನಿಂದ (1966) ಶುರುಮಾಡಬಹುದು. ಅದರಲ್ಲಿ ತಂಡದ ಅಂದಿನ ಸದಸ್ಯ ಬ್ರಯಾನ್ ಜೋನ್ಸ್ ನುಡಿಸಿರುವುದು ಸಿತಾರ್. ಕಾಗವಾಡದಿಂದ ಗಡಿ ದಾಟಿದರೆ ಸಿಗುವ ಮಿರಜ ಸಿತಾರ್ ತಯಾರಿಕೆಗೇ ಹೆಸರಾದ ಊರು! ಆದರೆ ಇಲ್ಲಿ ರಾಗವಿಸ್ತಾರ ಹುಡುಕಬಾರದು. ತಂತಿ ಗಾಯನದ ಧಾಟಿಯನ್ನೇ ಹಿಂಬಾಲಿಸುತ್ತದೆ, ಡ್ರಮ್ಸ್ ಅದನ್ನು ಮುಂದಕ್ಕೆ ದಬ್ಬುತ್ತದೆ.

ಕೊರತೆಯೂ ಇದೆ. ಹಾಡುಗಳು ಕಾಲಾನುಕ್ರಮದಲ್ಲಿಲ್ಲ. ತಂಡ ತನ್ನ ಹೆಸರನ್ನೇ ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ ಹಾಡಿನಿಂದ ಪಡೆದಿದ್ದರೂ ಆ ಬೇರು ಇಲ್ಲಿ ತೆಳುವಾಗಿದೆ. 1964ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಬ್ಲೂಸ್ ಹಾಡು ‘ಲಿಟಲ್ ರೆಡ್ ರೂಸ್ಟರ್’ ಕೂಡ ಇದರಲ್ಲಿಲ್ಲ. ಪ್ರವೇಶಕ್ಕೆ ಈ ಸಂಕಲನ ಸಾಕು, ಬ್ಲೂಸ್ ಬೇಕೆಂದರೆ ಅವರ 1964ರ ಮೊದಲ ಆಲ್ಬಮ್ಮಿಗೇ ಹೋಗಬೇಕು.